ಮಗ್ಗದ ಸುತ್ತ ಸರಿದ ಮುಪ್ಪು

ಇಳಕಲ್ ಸೀರೆಗೆ ಹೂಡಿದ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಚಾಚಿದ ಎಳೆಗಳು, ಆ ಒಂದೇ ಸೀರೆಗೆ ಮುಗಿದುಹೋಗುತ್ತದೆ. ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಒಡಲು ಹತ್ತಿಯದಿರಬಹುದು, ರೇಷ್ಮೆಯದಿರಬಹುದು, ಚಮಕಾ ಎಂದು ಕರೆಯುವ ಕೃತಕ ರೇಷ್ಮೆಯದಿರಬಹುದು. ಸಾಂಪ್ರದಾಯಿಕ ಸೆರಗು ಮಾತ್ರ ಕೆಂಪು ರೇಷ್ಮೆಯದು. ಇವೆರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಸೀರೆ ಆರು ಗಜದ್ದಿರಲಿ, ಎಂಟು ಗಜದ್ದಿರಲಿ, ಒಂಬತ್ತು ಗಜದ್ದಿರಲಿ, ನೇಯ್ದು ಮುಗಿಸಿದ ಮೇಲೆ ಮತ್ತೆ ಹೊಸ ಹಾಸು, ಮತ್ತೆ ಹೊಸ ಕೊಂಡಿ. ಹೀಗಾಗಿ ಮಗ್ಗದಲ್ಲಿ ಕೂತು ನೇಯುವವರು ಒಬ್ಬರಾದರೆ, ಅವರ ಕೈಗೆ ನೂಲು ಒದಗಿಸುವವರು ಕನಿಷ್ಠ ಇಬ್ಬರು ಬೇಕು. ಆ ಇಬ್ಬರಲ್ಲಿ ಒಬ್ಬರು ಎಷ್ಟೋ ಮನೆಗಳಲ್ಲಿ ಮುತ್ಯಾ (ಅಜ್ಜ), ಇಲ್ಲವೇ ಆಯಿ (ಅಜ್ಜಿ).

ಇಳಕಲ್ಲಿನ ನೇಯ್ಗೆಯ ಬಗ್ಗೆ ಬರೆದವರು ಬಣ್ಣದ ಬಗ್ಗೆ, ದಡಿಯ ಬಗ್ಗೆ, ಸೆರಗಿನ ವಿನ್ಯಾಸದ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಆ ಕಸುಬು ಮುಪ್ಪನ್ನು ಹೇಗೆ ಸಂಭಾಳಿಸಿತು ಎಂಬುದನ್ನು ಬರೆದವರು ಕಡಿಮೆ. ಈ ಸೀಮೆಯ ನೇಕಾರರಿಗೆ ನಿವೃತ್ತಿ ಎಂಬುದೇ ಇರಲಿಲ್ಲ. ಕಣ್ಣು ಮಂಜಾದಾಗ, ಮೊಣಕಾಲು ಬಗ್ಗದಾದಾಗ ಅವರು ಮಗ್ಗ ಬಿಟ್ಟು ಏಳುತ್ತಿದ್ದರು. ಎದ್ದು ಮನೆಯ ಮೂಲೆ ಸೇರುತ್ತಿರಲಿಲ್ಲ, ಅದೇ ಮಗ್ಗದ ಸುತ್ತ ಇನ್ನೊಂದು ಜಾಗಕ್ಕೆ ಸರಿಯುತ್ತಿದ್ದರು. ಆ ಜಾಗಗಳು ಯಾವುವು, ಅವು ಹೇಗೆ ಒಂದೊಂದಾಗಿ ಇಲ್ಲವಾದವು ಎಂಬುದು ಈ ನೆಲದ ಚರಿತ್ರೆಯ ಒಂದು ಮುಖ್ಯ ಭಾಗ.

ಬಾಗಲಕೋಟೆಯಿಂದ ಹುನಗುಂದದ ಕಡೆ ಹೊರಟರೆ ನಡುವಿನ ಸೀಮೆಯಲ್ಲಿ ಬೇವೂರು ಸಿಗುತ್ತದೆ. ಅದರಾಚೆ ಕಮತಗಿ, ಸೂಳೇಭಾವಿ, ಅಮೀನಗಡ, ಇಳಕಲ್. ಬಾದಾಮಿಯ ಕಡೆ ತಿರುಗಿದರೆ ಕುಪ್ಪಸದ ಖಣಕ್ಕೆ ಹೆಸರಾದ ಗುಳೇದಗುಡ್ಡ. ಒಕ್ಕಲುತನದ ಊರುಗಳೂ ನೇಕಾರರ ಊರುಗಳೂ ಇಲ್ಲಿ ಒಂದಕ್ಕೊಂದು ಹೆಣೆದುಕೊಂಡೇ ಇವೆ. ದೇವಾಂಗ, ಕುರುಹಿನಶೆಟ್ಟಿ, ಸ್ವಕುಳಸಾಳಿ, ಪದ್ಮಸಾಲಿ, ಪಟ್ಟಸಾಲಿ ಮನೆತನಗಳು ಮಗ್ಗ ಹೂಡಿದರೆ, ಆ ಸೀರೆ ಉಡುವವರು, ಹಳೆಯದಾದ ಮೇಲೆ ಅದನ್ನೇ ಕೌದಿಯಾಗಿ ಹೊಲಿಯುವವರು ಸುತ್ತಲ ಹಳ್ಳಿಗಳ ಒಕ್ಕಲು ಹೆಂಗಸರು.

ಮುಪ್ಪು ಎಂಬುದು ಈಗಿನಷ್ಟು ಮಂದಿಗೆ ಹಿಂದೆ ದಕ್ಕುತ್ತಿರಲಿಲ್ಲ. 1876–78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು ಹೇಗೆ ಹಿಂಡಿತೆಂದರೆ, 1872ರ ಗಣತಿಗೂ 1881ರ ಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕುಸಿಯಿತು. ಬರದಲ್ಲಿ ಮೊದಲು ಹೋಗುವವರು ಎಳೆಯರು ಮತ್ತು ಮುದುಕರು. 20ನೇ ಶತಮಾನದ ಮೊದಲ ದಶಕದಲ್ಲಿ ಭಾರತೀಯರ ಸರಾಸರಿ ಆಯಸ್ಸು 23ರ ಆಸುಪಾಸಿನಲ್ಲಿತ್ತು. 1951ರ ಹೊತ್ತಿಗೆ 32. ಈಗ ಸುಮಾರು 70. ಹಳೆಯ ಅಂಕಿ ಅಷ್ಟು ಚಿಕ್ಕದಿರುವುದಕ್ಕೆ ಕೂಸುಗಳ ಸಾವೇ ದೊಡ್ಡ ಕಾರಣ, ನಿಜ. ಬಾಲ್ಯ ದಾಟಿ ಬದುಕಿದವರಲ್ಲಿ ತಲೆ ನರೆತವರೂ ಇದ್ದರು. ಮನೆಗೆ ಒಬ್ಬರೋ ಇಬ್ಬರೋ ಇದ್ದ ಆ ಹಿರಿಯರಿಗೆ ಮಾಡಲು ಕೈತುಂಬ ಕೆಲಸವಿರುತ್ತಿತ್ತು.

ಆ ಕೆಲಸ ಎಂಥದ್ದು ಎಂದು ತಿಳಿಯಲು ಮೊದಲು ಕುಣಿಮಗ್ಗವನ್ನು ನೋಡಬೇಕು. ನೆಲದಲ್ಲಿ ತಗ್ಗು ತೋಡಿ, ಅದರ ಅಂಚಿಗೆ ನೇಕಾರ ಕೂತು, ಕಾಲನ್ನು ತಗ್ಗಿನೊಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾನೆ. ಒಂದು ಕೈ ಲಾಳಿ ಓಡಿಸುವ ಹಗ್ಗ ಎಳೆದರೆ ಇನ್ನೊಂದು ಕೈ ಹೊಕ್ಕನ್ನು ಬಡಿದು ಕೂಡಿಸುತ್ತದೆ. ನೆಲದ ತಂಪು ನೂಲಿಗೆ ಒಳ್ಳೆಯದು, ಒಣಗಿದ ಎಳೆ ಬೇಗ ಕಡಿಯುತ್ತದೆ. ಅದೇ ತಂಪಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಕಾಲಿಟ್ಟು ಕೂತವನ ಮೊಣಕಾಲಿನ ಪಾಡು ಬೇರೆ. ಇಡೀ ದಿನ ಮುಂದಕ್ಕೆ ಬಾಗಿದ ಬೆನ್ನು, ತಗ್ಗಿದ ಕುತ್ತಿಗೆ, ಎಳೆಯ ಮೇಲೆ ನೆಟ್ಟ ಕಣ್ಣು. ಯಾವ ಸೀಮೆಯ ಕೈಮಗ್ಗದ ನೇಕಾರರನ್ನು ವೈದ್ಯರು ಪರೀಕ್ಷಿಸಿದರೂ ಸೊಂಟ, ಕುತ್ತಿಗೆ, ಮೊಣಕಾಲು, ಕಣ್ಣು ಎಂಬ ದೂರುಗಳು ಮತ್ತೆ ಮತ್ತೆ ಬರುತ್ತವೆ. ಇವು ಮುಪ್ಪಿನ ದೂರುಗಳೇ. ಆದರೆ ಮಗ್ಗದವರಿಗೆ ಮುಪ್ಪಿಗೆ ಮೊದಲೇ ಬರುತ್ತವೆ.

ಕಾಲು ಸೋತವರು ಮೊದಲು ಸರಿಯುತ್ತಿದ್ದದ್ದು ಹಾಸಿನ ಕೆಲಸಕ್ಕೆ. ಎಳೆಗಳನ್ನು ಉದ್ದಕ್ಕೆ ಚಾಚಿ, ಗಂಜಿ ಹಚ್ಚಿ, ಕಡಿದದ್ದನ್ನು ಹುಡುಕಿ ಗಂಟು ಹಾಕುವಾಗ ನಿಂತು ನಡೆದಾಡಬೇಕು; ಬಗ್ಗಿ ತುಳಿಯುವ ಹಿಂಸೆ ಇರುವುದಿಲ್ಲ. ಬೆಳಗಿನ ಬಿಸಿಲು ಏರುವ ಮುನ್ನ ಓಣಿಯಲ್ಲೇ ಈ ಕೆಲಸ ನಡೆಯುತ್ತಿದ್ದುದರಿಂದ ಹಿರಿಯರಿಗೆ ನಾಲ್ಕು ಮಂದಿಯ ಒಡನಾಟವೂ ಸಿಗುತ್ತಿತ್ತು. ಅದೂ ಆಗದಾದಾಗ ರಾಟಿ. ಗೋಡೆಗೆ ಆನಿಸಿ ಕೂತು, ಒಂದು ಕೈಯಿಂದ ಚಕ್ರ ತಿರುಗಿಸುತ್ತ ಇನ್ನೊಂದು ಕೈಯ ಬೆರಳ ನಡುವೆ ನೂಲು ಹಾಯಿಸಿ, ಲಾಳಿಯೊಳಗೆ ಕೂರುವ ಕಂಡಿಕೆ ಸುತ್ತುವ ಈ ಕೆಲಸಕ್ಕೆ ಕಣ್ಣು ಹೆಚ್ಚು ಬೇಡ. ಬೆರಳಿನ ಸ್ಪರ್ಶಕ್ಕೇ ಎಳೆ ತೆಳ್ಳಗಾದದ್ದು, ಗಂಟು ಬಂದದ್ದು, ಕಡಿದದ್ದು ತಿಳಿಯುತ್ತದೆ. ಪೊರೆ ಕವಿದ ಕಣ್ಣಿನ ಮುದುಕಿಯೂ ದಿನಕ್ಕೆ ಒಂದು ಮಗ್ಗಕ್ಕೆ ಸಾಲುವಷ್ಟು ಕಂಡಿಕೆ ಸುತ್ತಿ ಕೊಡಬಲ್ಲಳು. ಕೊಂಡಿ ಹಾಕುವುದಕ್ಕೆ ಮಾತ್ರ ಕಣ್ಣು ಚುರುಕಿರಬೇಕು. ಅದನ್ನು ಹಿರಿಯರು ಪಕ್ಕದಲ್ಲಿ ಕೂತು ಸೊಸೆಗೆ, ಮೊಮ್ಮಗಳಿಗೆ ಹೇಳಿಕೊಡುತ್ತಿದ್ದರು.

ಪ್ರತಿ ಸೀರೆಗೂ ಹೊಸ ಹಾಸು ಬೇಕೆಂಬ ನಿಯಮ ವ್ಯಾಪಾರದ ಕಣ್ಣಿಗೆ ದಂಡವೆನಿಸಬಹುದು. ಮನೆಯ ಹಿರಿಯರ ಕಡೆಯಿಂದ ನೋಡಿದರೆ ಅದೇ ನಿಯಮ ಅವರಿಗೆ ವರ್ಷವಿಡೀ ಕೆಲಸ ಕೊಟ್ಟಿತು. ಇದನ್ನು ಯಾರೂ ಮುದುಕರಿಗೆಂದು ಯೋಜಿಸಿದ್ದಲ್ಲ. ಕೆಂಪು ಸೆರಗಿನ ಸೊಗಸಿಗಾಗಿ ಹುಟ್ಟಿದ ಕಲೆ ಮುಪ್ಪಿಗೂ ಆಸರೆಯಾಯಿತು, ಅಷ್ಟೇ.

ಹಾಗೆಂದು ಹಳೆಯ ಕಾಲವನ್ನು ಹೊಗಳಿ ಮೆರೆಸುವಂತಿಲ್ಲ. ಮನೆಯೊಳಗಿನ ಈ ದುಡಿಮೆಗೆ ಪ್ರತ್ಯೇಕ ಕೂಲಿ ಇರಲಿಲ್ಲ. ಮಜೂರಿ ಸೀರೆಗಿಷ್ಟು ಎಂದು ಬರುತ್ತಿತ್ತು, ಅದು ನೇಯ್ದವನ ಹೆಸರಿಗೇ ಹೋಗುತ್ತಿತ್ತು. ಐವತ್ತು ವರ್ಷ ಕಂಡಿಕೆ ಸುತ್ತಿದ ಹೆಂಗಸಿನ ಹೆಸರು ಯಾವ ಸಾಹುಕಾರನ ಖಾತೆಯಲ್ಲೂ ಏರಲಿಲ್ಲ.

ಹೊಲದ ಊರುಗಳಲ್ಲಿ ಹಿರಿಯ ಹೆಂಗಸರ ಕೈಗೆ ಬಂದದ್ದು ಕೌದಿ. ಬಟ್ಟೆ ಹರಿದು ಪಿಸಿಯುವ ಹಂತಕ್ಕೆ ಬಂದ ಇಳಕಲ್ ಸೀರೆ, ಧೋತರ, ಕುಪ್ಪಸ, ಅಂಗಿಗಳನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಗೆ ಹಾಕುತ್ತ ಬಂದರೆ ಒಂದು ಕೌದಿ. ಬೇವೂರಿನ ಪಡಸಾಲೆಯಲ್ಲಾಗಲಿ ಬಾದಾಮಿಯ ಹಳ್ಳಿಯಲ್ಲಾಗಲಿ ಬೇಸಿಗೆಯ ಮಧ್ಯಾಹ್ನಗಳು ಇದಕ್ಕೇ ಮೀಸಲು. ಸೂಜಿ ದೊಡ್ಡದು, ದಾರ ದಪ್ಪ, ಹೊಲಿಗೆ ಉದ್ದ. ಅರವತ್ತು ದಾಟಿದ ಕಣ್ಣಿಗೂ ನಡುಗುವ ಬೆರಳಿಗೂ ಇದು ನಿಭಾಯಿಸಲಾಗದ ಕೆಲಸವಲ್ಲ. ಕಷ್ಟವಿರುವುದು ಒಂದೇ ಕಡೆ, ಸೂಜಿಗೆ ದಾರ ಪೋಣಿಸುವಾಗ. ದಾರದ ತುದಿ ನಾಲಿಗೆಗೆ ಒತ್ತಿ ಹೊಸೆದು, ಸೂಜಿಯನ್ನು ಬೆಳಕಿಗೆ ಹಿಡಿದು, ಕೈ ದೂರಕ್ಕೆ ಚಾಚಿ, ಎರಡು ಸಲ ತಪ್ಪಿ, ಕಡೆಗೆ ಓಣಿಯಲ್ಲಿ ಆಡುವ ಹುಡುಗಿಯನ್ನು ಕೂಗಿ ಕರೆಯುವುದು. ಆ ಹುಡುಗಿ ಒಮ್ಮೆಗೇ ನಾಲ್ಕು ಸೂಜಿಗೆ ದಾರ ಪೋಣಿಸಿಟ್ಟು ಓಡಿಹೋಗುತ್ತಾಳೆ. ಇದೇ ಹೆಂಗಸು ಮೂವತ್ತರ ವಯಸ್ಸಿನಲ್ಲಿ ಗುರುತು ಬರೆದುಕೊಳ್ಳದೆ, ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಣಿಸಿ, ಗವಂತಿ, ಮುರ್ಗಿ ಕಸೂತಿ ತೆಗೆದಿರಬಹುದು. ಎಳೆ ಎಣಿಸುವ ಕಸೂತಿಯಿಂದ ಉದ್ದ ಹೊಲಿಗೆಯ ಕೌದಿಗೆ ಇಳಿದದ್ದು ಅವಳ ಸೋಲೆಂದು ಯಾರೂ ಎಣಿಸಲಿಲ್ಲ. ಬಾಣಂತಿಯ ಕೋಣೆಗೂ ತೊಟ್ಟಿಲಿಗೂ ಕೌದಿ ಬೇಕೇಬೇಕಿತ್ತು, ಅದನ್ನು ಹೊಲಿಯುವವಳು ಮನೆಗೆ ಬೇಕಾದವಳಾಗಿಯೇ ಉಳಿಯುತ್ತಿದ್ದಳು.

ನಲವತ್ತರ ಸುಮಾರಿಗೆ ಹತ್ತಿರದ ಅಕ್ಷರ ಮಸುಕಾಗುವುದಕ್ಕೆ ನಮ್ಮಲ್ಲಿ ಚಾಳೀಸು ಎನ್ನುತ್ತಾರೆ. ಕಣ್ಣಿನೊಳಗಿನ ಮಸೂರ ವರ್ಷ ಕಳೆದಂತೆ ಗಡಸಾಗಿ, ಹತ್ತಿರದ ವಸ್ತುವಿಗೆ ತಕ್ಕಂತೆ ಉಬ್ಬಲಾಗದೆ ಹೋಗುವುದು ಅದಕ್ಕೆ ಕಾರಣ. ಇಟಲಿಯಲ್ಲಿ 13ನೇ ಶತಮಾನದ ಕೊನೆಯಲ್ಲಿ ಹುಟ್ಟಿದ ಕನ್ನಡಕ ಕನ್ನಡ ನೆಲಕ್ಕೆ ಬಂದ ಹಳೆಯ ಸುಳಿವು ಸಿಗುವುದು ವಿಜಯನಗರದಲ್ಲಿ. 1539ರಲ್ಲಿ ತೀರಿಕೊಂಡ ರಾಜಗುರು ವ್ಯಾಸರಾಯರ ಜೀವನವನ್ನು ಸೋಮನಾಥ ಕವಿ ಸಂಸ್ಕೃತದಲ್ಲಿ 'ವ್ಯಾಸಯೋಗಿಚರಿತ' ಎಂದು ಬರೆದಿದ್ದಾನೆ. ಅದರಲ್ಲಿ ವ್ಯಾಸರಾಯರು ಓದುವಾಗ ಕನ್ನಡಕ ಬಳಸುತ್ತಿದ್ದ ಉಲ್ಲೇಖವಿದೆಯೆಂದು ಪುಣೆಯ ವಿದ್ವಾಂಸ ಪಿ.ಕೆ. ಗೋಡೆ ತೋರಿಸಿದರು. ಅದು ಸುಮಾರು 1520ರ ಮಾತು. ರಾಜಗುರುವಿಗೆ ಆಗ ದಕ್ಕಿದ ಈ ನೆರವು ಅದೇ ನಾಡಿನ ನೇಕಾರನ ಮೂಗಿನ ಮೇಲೆ ಬಂದು ಕೂರಲು ಮತ್ತೆ ನಾಲ್ಕು ಶತಮಾನಗಳೇ ಹಿಡಿದವು.

ಓದುವ ಕನ್ನಡಕ ಕಸುಬಿಗೆ ಎಷ್ಟು ನೆರವಾದೀತು ಎಂಬುದಕ್ಕೆ ಈಗ ಗಟ್ಟಿ ಪುರಾವೆಯಿದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕೂಲಿಕಾರರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕಡಿಮೆ ಬೆಲೆಯ ಓದುವ ಕನ್ನಡಕ ಸಿಕ್ಕವರು ಕೀಳುವ ಎಲೆಯ ತೂಕ, ಸಿಗದವರಿಗೆ ಹೋಲಿಸಿದರೆ, ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ಏರಿತು. ಚಹಾ ಎಲೆಗೇ ಇಷ್ಟು ವ್ಯತ್ಯಾಸವಾದರೆ, ಕೂದಲೆಳೆಯ ರೇಷ್ಮೆಗೆ ಕೊಂಡಿ ಹಾಕುವ ಕೈಗೆ ಕನ್ನಡಕ ಇನ್ನೂ ಎಷ್ಟು ವರ್ಷದ ದುಡಿಮೆ ಉಳಿಸಿಕೊಟ್ಟೀತು!

ಪೊರೆಯ ಕಥೆ ಬೇರೆ. ಕನ್ನಡಕ ಅದಕ್ಕೆ ಮದ್ದಲ್ಲ. ಸುಶ್ರುತನ ಕಾಲದಿಂದ ಬಂದ ಒಂದು ಉಪಾಯವಿತ್ತು: ಚೂಪಾದ ಸಲಾಕೆಯಿಂದ ಕಣ್ಣನ್ನು ಚುಚ್ಚಿ, ಮಂಜಾದ ಮಸೂರವನ್ನು ಒಳಕ್ಕೆ ತಳ್ಳುವುದು. ಊರೂರು ತಿರುಗುವ ಕಣ್ಣಿನ ವೈದ್ಯರು ಇದನ್ನು 20ನೇ ಶತಮಾನದಲ್ಲೂ ಮಾಡುತ್ತಿದ್ದರು. ಕೆಲವರಿಗೆ ಥಟ್ಟನೆ ಬೆಳಕು ಬರುತ್ತಿತ್ತು. ಎಷ್ಟೋ ಮಂದಿಯ ಕಣ್ಣು ಕೀವುಗಟ್ಟಿ ಪೂರ್ತಿ ಹೋಗುತ್ತಿತ್ತು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥನಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಹೀಗೆ ಕೆಟ್ಟುಬಂದ ಕಣ್ಣುಗಳನ್ನು ನೋಡಿ ನೋಡಿ ಅದರ ಮೇಲೆಯೇ ಒಂದು ಪುಸ್ತಕ ಬರೆದ.

ಈ ಚರಿತ್ರೆಯನ್ನು ತಿರುಗಿಸಿದವರಲ್ಲಿ ಒಬ್ಬರು ಇದೇ ಮಣ್ಣಿನವರು. ಮುರುಗೆಪ್ಪ ಚನ್ನವೀರಪ್ಪ ಮೋದಿ 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದರು. ಬೀಳಗಿ ಆಗ ವಿಜಾಪುರ ಜಿಲ್ಲೆಯಲ್ಲಿತ್ತು, 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಗಾಂಧೀಜಿಯ ಪ್ರಭಾವಕ್ಕೆ ಒಳಗಾದ ಡಾ. ಎಂ.ಸಿ. ಮೋದಿ, ರೋಗಿ ಆಸ್ಪತ್ರೆಗೆ ಬರಲಾಗದಿದ್ದರೆ ಆಸ್ಪತ್ರೆಯೇ ರೋಗಿಯ ಊರಿಗೆ ಹೋಗಬೇಕೆಂದು ನಂಬಿದರು. 1943ರಲ್ಲಿ ಗುಜರಾತಿನ ಪಾಟಣದಲ್ಲಿ ಮೊದಲ ಸಾಮೂಹಿಕ ಉಚಿತ ಶಿಬಿರ ನಡೆಸಿದರು. ಮುಂದೆ ದಾವಣಗೆರೆಯನ್ನೂ ಬೆಂಗಳೂರನ್ನೂ ನೆಲೆ ಮಾಡಿಕೊಂಡು ವಾಹನದಲ್ಲೇ ಶಸ್ತ್ರಚಿಕಿತ್ಸೆಯ ಸರಂಜಾಮು ಹೊತ್ತು ಹಳ್ಳಿ ಹಳ್ಳಿ ತಿರುಗಿದರು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ಅವರ ದಾಖಲೆ ಗಿನ್ನೆಸ್ ಪುಸ್ತಕ ಸೇರಿತು. 1993ರ ಹೊತ್ತಿಗೆ ಅವರ ಕೈಯಿಂದ ಆದ ಶಸ್ತ್ರಚಿಕಿತ್ಸೆಗಳು ಆರು ಲಕ್ಷ ದಾಟಿದ್ದವು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಸಂದವು. 2005ರಲ್ಲಿ ತೀರಿಕೊಂಡರು.

ಲೆಕ್ಕಕ್ಕಿಂತ ದೊಡ್ಡದೊಂದು ಬದಲಾವಣೆ ಈ ಶಿಬಿರಗಳಿಂದ ಆಯಿತು. ಅಲ್ಲಿಯವರೆಗೆ ವಯಸ್ಸಾದ ಮೇಲೆ ಕಣ್ಣು ಹೋಗುವುದು ಹಣೆಬರಹ ಎಂಬ ನಂಬಿಕೆ ಮನೆಮನೆಯಲ್ಲಿತ್ತು. ಊರಿನ ಶಾಲೆಯ ಆವರಣದಲ್ಲಿ ಸಾಲಾಗಿ ಮಲಗಿದ ಮುದುಕರು ಕೆಲವು ದಿನಗಳಲ್ಲಿ ಪಟ್ಟಿ ಬಿಚ್ಚಿ ಮೊಮ್ಮಕ್ಕಳ ಮುಖ ಕಂಡಾಗ ಆ ನಂಬಿಕೆ ಸಡಿಲಾಯಿತು. ಮುಪ್ಪಿನ ಒಂದು ತೊಂದರೆ ವಾಸಿಯಾಗುವಂಥದ್ದು ಎಂದು ಹಳ್ಳಿ ಮೊದಲ ಬಾರಿಗೆ ಕಣ್ಣಾರೆ ಕಂಡಿತು. ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಮಸೂರ ತೆಗೆದರೆ ಅದರ ಬದಲು ಒಳಗೆ ಏನೂ ಇಡುತ್ತಿರಲಿಲ್ಲ; ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಅದರಲ್ಲಿ ಕಾಣುವುದೆಲ್ಲ ಸುಮಾರು ಕಾಲು ಪಾಲು ದೊಡ್ಡದಾಗಿ ಕಾಣುತ್ತದೆ, ಪಕ್ಕದ ನೋಟ ಕಡಿದುಹೋಗುತ್ತದೆ. ದುಡ್ಡು ಎಣಿಸಲು, ಒಬ್ಬರೇ ಓಡಾಡಲು ಅಷ್ಟು ಸಾಕು. ಎಡ ದಡಿಯಿಂದ ಬಲ ದಡಿಗೆ ಲಾಳಿ ಹಾರುವ ಮಗ್ಗಕ್ಕೆ ಸಾಲದು. ಕಣ್ಣೊಳಗೆ ಕೂರಿಸುವ ಕೃತಕ ಮಸೂರವನ್ನು ಹೆರಾಲ್ಡ್ ರಿಡ್ಲಿ 1949ರಲ್ಲೇ ಲಂಡನ್ನಿನಲ್ಲಿ ಬಳಸಿದ್ದರೂ, ಮಧುರೈಯ ಅರೋಲ್ಯಾಬ್ 1992ರಲ್ಲಿ ಅದನ್ನು ಅಗ್ಗವಾಗಿ ತಯಾರಿಸತೊಡಗಿದ ಮೇಲೆಯೇ ಅದು ಬಡವರ ಕೈಗೆಟುಕುವ ಹಾದಿ ತೆರೆಯಿತು.

ಕಣ್ಣಿಗೆ ಮದ್ದು ಬರುವ ಹೊತ್ತಿಗೆ ಕೆಲಸವೇ ಹೋಗತೊಡಗಿತ್ತು. 1985ರಲ್ಲಿ ಕೇಂದ್ರ ಸರ್ಕಾರ ಕೈಮಗ್ಗಕ್ಕೆಂದೇ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯ್ದೆ ತಂದಿತು. 22 ಬಗೆಗಳಿದ್ದ ಪಟ್ಟಿ ಮುಂದೆ 11ಕ್ಕೆ ಇಳಿಯಿತು. ಯಂತ್ರಮಗ್ಗದಲ್ಲಿ ಇಳಕಲ್ ಮಾದರಿಯ ಸೀರೆಗಳು ಬಂದವು. ಅಲ್ಲಿ ಉದ್ದನೆಯ ಒಂದೇ ಹಾಸಿನಿಂದ ಸೀರೆ ಮೇಲೆ ಸೀರೆ ಇಳಿಯುತ್ತದೆ. ಕೊಂಡಿ ಬೇಕಿಲ್ಲ, ಓಣಿಯಲ್ಲಿ ಹಾಸು ಚಾಚುವವರು ಬೇಕಿಲ್ಲ, ಕಂಡಿಕೆಯನ್ನೂ ಯಂತ್ರ ಸುತ್ತುತ್ತದೆ. ನೇಯುವವನ ಕೆಲಸ ಹೋದದ್ದನ್ನು ಎಲ್ಲರೂ ಗಮನಿಸಿದರು. ಅವನ ತಂದೆತಾಯಿಯ ಕೆಲಸ ಅದಕ್ಕೂ ಮೊದಲೇ ಹೋಗಿತ್ತು. ದೇಶದಲ್ಲಿ ಕೈಮಗ್ಗವನ್ನು ನಂಬಿದವರು 1995–96ರ ಗಣತಿಯಲ್ಲಿ 65 ಲಕ್ಷ ಮೀರಿದ್ದರು, 2009–10ರಲ್ಲಿ 43 ಲಕ್ಷವಾದರು, 2019–20ರಲ್ಲಿ 35 ಲಕ್ಷ. ಈ ಕೊನೆಯ ಗಣತಿಯಲ್ಲಿ ನೇಯುವವರಲ್ಲದೆ ನೂಲು ಸುತ್ತುವಂಥ ಪೂರಕ ಕೆಲಸದವರೇ ಎಂಟು ಲಕ್ಷಕ್ಕೂ ಹೆಚ್ಚು.

ಬಾಗಲಕೋಟೆಯ ಹಿರಿಯರಿಗೆ ಇನ್ನೊಂದು ಏಟೂ ಬಿತ್ತು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಯಾಗುವ ಹೊತ್ತಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಹಿನ್ನೀರಿನ ಪಾಲಾಗಿದ್ದವು. ಜನ ಹೊಸದಾಗಿ ಕಟ್ಟಿದ ನವನಗರಕ್ಕೆ ಹೋದರು. ಯುವಕರಿಗೆ ಅಗಲವಾದ ರಸ್ತೆ, ಹೊಸ ಮನೆ ಹಿಡಿಸಿತು. ಕಣ್ಣು ಮಂಜಾದವರು ಮಾತ್ರ ಹಳೆಯ ಓಣಿಯಲ್ಲಿ ಕಾಲಿನ ರೂಢಿಯ ಮೇಲೆ ಗುಡಿಗೂ ಕಟ್ಟೆಗೂ ಹೋಗಿಬರುತ್ತಿದ್ದವರು. ಒಂದೇ ತೆರನಾದ ಸೆಕ್ಟರುಗಳಲ್ಲಿ ಅವರಿಗೆ ಮನೆಯ ಬಾಗಿಲು ಗುರುತಿಸುವುದೇ ಕಷ್ಟವಾಯಿತು. ವಯಸ್ಸಾದವರ ನೆನಪು ಜಾಗದ ಆಸರೆಯ ಮೇಲೆ ನಿಲ್ಲುತ್ತದೆ. ಆ ಜಾಗ ನೀರಿಗೆ ಹೋದರೆ ಪರಿಹಾರದ ಪಟ್ಟಿಯಲ್ಲಿ ಅದಕ್ಕೆ ಕಲಮು ಇರುವುದಿಲ್ಲ.

ಮನಸ್ಸಿನ ಮುಪ್ಪಿನ ಬಗ್ಗೆ ನಮ್ಮವರು ಹೆಚ್ಚು ಮಾತಾಡಿಲ್ಲ. ಅರವತ್ತಕ್ಕೆ ಅರಳು ಮರಳು ಎಂದು ಗಾದೆ ಹೇಳಿ ಕೈತೊಳೆದುಕೊಂಡದ್ದೇ ಹೆಚ್ಚು. ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಝೈಮರ್ ಮರೆವಿನ ರೋಗದ ಒಂದು ಪ್ರಕರಣವನ್ನು 1906ರಲ್ಲೇ ವೈದ್ಯರ ಸಭೆಯ ಮುಂದಿಟ್ಟಿದ್ದ. ಭಾರತದಲ್ಲಿ ಅರವತ್ತು ಮೀರಿದವರಲ್ಲಿ ನೂರಕ್ಕೆ ಏಳು ಮಂದಿಗಿಂತ ಹೆಚ್ಚು, ಅಂದರೆ ಸುಮಾರು 88 ಲಕ್ಷ ಜನ, ಮರೆವಿನ ಕಾಯಿಲೆಯಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನ ಅಂದಾಜಿಸಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಓದದವರಲ್ಲಿ ಇದು ಹೆಚ್ಚು. ಈ ಮೂರೂ ಲಕ್ಷಣ ಕೂಡಿಬಂದಿರುವುದು ಕಂಡಿಕೆ ಸುತ್ತುವ ಆಯಿಯಲ್ಲೇ.

ಮರೆವಿನ ಕಾಯಿಲೆಯಲ್ಲಿ ಹೆಸರು, ದಿನ, ನಿನ್ನೆಯ ಮಾತು ಮೊದಲು ಜಾರುತ್ತವೆ. ಕೈಗೆ ರೂಢಿಯಾದ ಕೆಲಸದ ನೆನಪು ಬಹುಕಾಲ ಉಳಿಯುತ್ತದೆ. ಅದನ್ನು ಮಿದುಳಿನ ಬೇರೆ ಭಾಗಗಳು ಹಿಡಿದಿಟ್ಟಿರುತ್ತವೆ. ಸೊಸೆಯ ಹೆಸರು ತಪ್ಪಿ ಕರೆಯುವ ಮುದುಕಿ ರಾಟಿಯ ಮುಂದೆ ಕೂತರೆ ಬೆರಳು ತಪ್ಪುವುದಿಲ್ಲ. ಹಳೆಯ ನೇಕಾರರ ಮನೆ ಇದನ್ನು ವೈದ್ಯಶಾಸ್ತ್ರ ಓದಿ ಕಲಿತದ್ದಲ್ಲ, ಆದರೂ ಅಂಥವಳ ಕೈಗೆ ನೂಲು ಕೊಟ್ಟು ಕೂರಿಸುವುದು ಅವರಿಗೆ ಗೊತ್ತಿತ್ತು. ಅವಳ ಪಾಲಿಗೆ ದಿನಕ್ಕೊಂದು ಆಕಾರ ಬರುತ್ತಿತ್ತು, ಮಾತಾಡಿಸುವವರು ಸುತ್ತ ಇರುತ್ತಿದ್ದರು. ರಾಟಿ ಅಟ್ಟ ಸೇರಿದ ಮನೆಯಲ್ಲಿ ಅದೇ ಮುದುಕಿ ಟಿವಿ ಮುಂದೆ ಒಬ್ಬಳೇ ಕೂತಿರುತ್ತಾಳೆ.

ಸರ್ಕಾರ ತಡವಾಗಿಯಾದರೂ ಕೈಚಾಚಿದೆ. ಆಗಿನ ಮೈಸೂರು ರಾಜ್ಯದಲ್ಲಿ ವೃದ್ಧಾಪ್ಯ ವೇತನ ಶುರುವಾದದ್ದು 1965ರಲ್ಲಿ. 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದ ಸಣ್ಣ ರೈತರು, ಕೃಷಿ ಕಾರ್ಮಿಕರು, ಮೀನುಗಾರರ ಜೊತೆ ನೇಕಾರರನ್ನೂ ಹೆಸರಿಸಿತು. ತಿಂಗಳಿಗೆ 400 ರೂಪಾಯಿಯಿಂದ ಶುರುವಾಗಿ 2021ರಲ್ಲಿ 1,200 ರೂಪಾಯಿಗೆ ಏರಿತು. 2020ರಲ್ಲಿ ನೇಕಾರ ಸಮ್ಮಾನ್ ಯೋಜನೆ ವರ್ಷಕ್ಕೆ 2,000 ರೂಪಾಯಿ ಕೊಡತೊಡಗಿ, ಆಮೇಲೆ 5,000 ಮಾಡಿತು. ಹುಬ್ಬಳ್ಳಿಯಲ್ಲಿ ನೆಲೆಯಿರುವ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ 1975ರಿಂದ ನೂಲು, ಮಾರುಕಟ್ಟೆ ನೋಡಿಕೊಳ್ಳುತ್ತಿದೆ. ಔಷಧಿಯ ಖರ್ಚಿಗೆ ಈ ಹಣ ಬೇಕು, ಅದನ್ನು ಕಡೆಗಣಿಸುವಂತಿಲ್ಲ. ಆದರೆ ಹಣ ಕೊಟ್ಟವರು ಕೆಲಸದ ಬದಲು ಏನು ಕೊಟ್ಟರು ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಮಾಡಬಹುದಾದದ್ದು ದೊಡ್ಡದೇನಲ್ಲ. ಕೊಂಡಿ ಕಲಿಸಬಲ್ಲ ಹಿರಿಯರಿಗೆ ಕಲಿಸುವವರೆಂದು ಮಾಸಿಕ ಗೌರವಧನ ಕೊಡಲಿ. ನೇಕಾರರ ಸಹಕಾರ ಸಂಘಗಳು ಕಂಡಿಕೆ ಸುತ್ತುವವರ ಹೆಸರನ್ನೂ ಬೇರೆ ಸಾಲಿನಲ್ಲಿ ಬರೆದುಕೊಂಡು ಅವರಿಗೆ ಬೇರೆ ಮಜೂರಿ ಕೊಡಲಿ. ನಲವತ್ತು ದಾಟಿದ ಪ್ರತಿ ನೇಕಾರನ ಕಣ್ಣು ವರ್ಷಕ್ಕೊಮ್ಮೆ ಪರೀಕ್ಷೆಯಾಗಲಿ. ಇನ್ನು ಓದುಗರು ಮಾಡಬಹುದಾದದ್ದೂ ಇದೆ. ಮುಂದಿನ ಸಲ ಇಳಕಲ್ ಸೀರೆ ಕೊಳ್ಳುವಾಗ ಸೆರಗು ಒಡಲಿಗೆ ಸೇರುವ ಜಾಗವನ್ನು ಬಿಡಿಸಿ ನೋಡಿ, ಕೊಂಡಿ ಇದೆಯೇ ಎಂದು ಅಂಗಡಿಯವರನ್ನು ಕೇಳಿ, ಇದ್ದರೆ ಹೆಚ್ಚಿನ ಬೆಲೆಗೆ ಚೌಕಾಸಿ ಮಾಡಬೇಡಿ. ಆ ಕೊಂಡಿಯ ಹಿಂದೆ ಇಳಕಲ್ಲಿನ ಯಾವುದೋ ಮನೆಯಲ್ಲಿ ಹಿರಿಯರೊಬ್ಬರ ಕೆಲಸವಿದೆ.